ಕೆಂಪು ಬಂದರೆ ನಂಬುವಂತಿರಲಿ: ಹಳೇ ಟೆಸ್ಟ್‌ಗಳನ್ನು ಚೊಕ್ಕ ಮಾಡುವ ಬಗೆ

ಕೋಡ್ ಸರಿಯಿದೆಯೇ ಎಂದು ತಾನಾಗಿ ನೋಡುವ ಟೆಸ್ಟ್ ಫೇಲಾದ (ಕೆಂಪು ಬಂದ) ಕೂಡಲೇ "ಇನ್ನೊಂದ್ಸಲ ರನ್ ಮಾಡು, ಪಾಸಾಗುತ್ತೆ" ಅನ್ನುವ ಮಾತು ಟೀಮಿನಲ್ಲಿ ಶುರುವಾದರೆ ನಾನು ಹೊಸ ಫೀಚರ್ ಪಕ್ಕಕ್ಕಿಟ್ಟು ಟೆಸ್ಟ್‌ಗಳ ಕಡೆ ತಿರುಗುತ್ತೇನೆ. ಒಮ್ಮೆ ಪಾಸು, ಒಮ್ಮೆ ಫೇಲು ಆಗುವ ಟೆಸ್ಟ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ಅದು ಪಕ್ಕದ ಒಳ್ಳೇ ಟೆಸ್ಟ್‌ಗಳ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ.

ಸಿಐ (ಕೋಡ್ ಸೇರಿಸಿದಾಗಲೆಲ್ಲ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಲಾಗ್ ತೆಗೆದು, ಕೋಡ್ ಬದಲಾಗದೆಯೂ ಫಲಿತಾಂಶ ಬದಲಾದ ಟೆಸ್ಟ್‌ಗಳನ್ನು ಗುರುತು ಹಾಕಿಕೊಳ್ಳಿ. ಬ್ರೌಸರ್ ಟೆಸ್ಟ್‌ಗಳ ಸಾಧನವಾದ ಪ್ಲೇರೈಟ್ ಬಳಸುತ್ತಿದ್ದರೆ ರಿಪೀಟ್-ಈಚ್ ಆಯ್ಕೆ ಕೊಟ್ಟು ಅನುಮಾನದ ಟೆಸ್ಟನ್ನು 50 ಸಲ ಓಡಿಸಿ. ಫೇಲಾದದ್ದನ್ನು ತಾನೇ ಮತ್ತೆ ಓಡಿಸುವ ರಿಟ್ರೈ ಆಫ್ ಆಗಿರಲಿ.

ಆಮೇಲೆ ಸ್ಲೀಪ್‌ಗಳನ್ನು ಹುಡುಕಿ. 'ಸೇವ್' ಒತ್ತಿ 3 ಸೆಕೆಂಡ್ ಸುಮ್ಮನೆ ಕಾಯುವ ಸಾಲು ನಿಧಾನದ ಸರ್ವರ್ ಸಿಕ್ಕ ದಿನ ಕೈ ಕೊಡುತ್ತದೆ, ಉಳಿದ ದಿನ ಸಮಯ ತಿನ್ನುತ್ತದೆ. ಅದರ ಬದಲು 'ಉಳಿಸಲಾಗಿದೆ' ಸಂದೇಶ ಕಾಣುವವರೆಗೆ ಕಾಯಿರಿ. ಪ್ಲೇರೈಟ್‌ನಲ್ಲಿ ಹೀಗೆ ಪರಿಶೀಲಿಸುವ ಎಕ್ಸ್‌ಪೆಕ್ಟ್ ತಾನಾಗಿಯೇ 5 ಸೆಕೆಂಡಿನವರೆಗೆ ಕಾಯುತ್ತದೆ, ಅಂಥದ್ದೇ ಸಾಧನ ಸೈಪ್ರೆಸ್ 4 ಸೆಕೆಂಡಿನವರೆಗೆ. ಒಂದು ಎಚ್ಚರ: ಹಿಂದಿನ ಸೇವ್‌ನ ಸಂದೇಶ ಇನ್ನೂ ತೆರೆಯ ಮೇಲೇ ಇದ್ದರೆ ಟೆಸ್ಟ್ ಅದನ್ನೇ ನೋಡಿ ಮುಂದಕ್ಕೆ ಹೋಗಿಬಿಡುತ್ತದೆ. ಎರಡನೇ ಸಲ ಒತ್ತುವ ಮೊದಲು ಹಳೇ ಸಂದೇಶ ಮಾಯವಾಗಿದೆಯೇ ಎಂದು ಖಚಿತ ಮಾಡಿಕೊಳ್ಳಿ.

ಒಂಟಿಯಾಗಿ ಓಡಿಸಿದರೆ ಪಾಸು, ಗುಂಪಿನಲ್ಲಿ ಫೇಲು ಅಂದರೆ ಸಾಮಾನ್ಯವಾಗಿ ಬೇರೊಂದು ಟೆಸ್ಟ್ ಡೇಟಾಬೇಸಿನಲ್ಲಿ ಏನೋ ಬಿಟ್ಟುಹೋಗಿದೆ ಎಂದರ್ಥ. ರೂಬಿ ಭಾಷೆಯ ಟೆಸ್ಟ್ ಸಾಧನ ಆರ್‌ಸ್ಪೆಕ್‌ನಲ್ಲಿ, ಫೇಲಾದ ಓಟದ ಸೀಡ್ (ಟೆಸ್ಟ್‌ಗಳ ಕ್ರಮವನ್ನು ಗುರುತಿಸುವ ಸಂಖ್ಯೆ) ಕೊಟ್ಟು, ಕಾರಣವನ್ನು ಹುಡುಕುವ ಬೈಸೆಕ್ಟ್ ಓಡಿಸಿದರೆ, ಕೆಡಿಸಿದ ಟೆಸ್ಟೂ ಅದರಿಂದ ಬಿದ್ದ ಟೆಸ್ಟೂ ಸಿಕ್ಕಿಬೀಳುತ್ತವೆ. ಪ್ರತಿ ಟೆಸ್ಟೂ ತನಗೆ ಬೇಕಾದ ಬಳಕೆದಾರನನ್ನು ತಾನೇ, ಬೇರೆ ಬೇರೆ ಇಮೇಲ್‌ನಲ್ಲಿ, ಸೃಷ್ಟಿಸಿಕೊಳ್ಳುವುದೇ ಇದಕ್ಕೆ ಪರಿಹಾರ.

ತಿಂಗಳ ಕೊನೆಯಲ್ಲಿ ಮಾತ್ರ ಬೀಳುವ ಟೆಸ್ಟನ್ನಂತೂ ದಯವಿಟ್ಟು ಸ್ಕಿಪ್ ಮಾಡಬೇಡಿ. ಜಾವಾಸ್ಕ್ರಿಪ್ಟ್‌ನಲ್ಲಿ 2023ರ ಜನವರಿ 31ನ್ನು ಇಟ್ಟುಕೊಂಡು ತಿಂಗಳು ಬದಲಿಸುವ ಸೆಟ್‌ಮಂತ್ ಮೂಲಕ ಫೆಬ್ರವರಿಗೆ ದಾಟಿಸಿದರೆ ಬರುವುದು ಮಾರ್ಚ್ 3. ಚಂದಾ ನವೀಕರಣದ ಟೆಸ್ಟ್ ಅಂದು ಬಿದ್ದರೆ ತಪ್ಪು ಟೆಸ್ಟಿನದಲ್ಲ. ಬಳಕೆದಾರರ ಬಿಲ್ಲಿನ ತಾರೀಕೇ ತಪ್ಪಾಗಿದೆ. ಇಂಥ ಕಡೆ ಮೊದಲು ಕೋಡ್ ಸರಿಪಡಿಸಿ. ಬಳಿಕ ಟೆಸ್ಟಿನಲ್ಲಿ ಗಡಿಯಾರವನ್ನು ಅದೇ ಜನವರಿ 31ಕ್ಕೆ ನಿಲ್ಲಿಸಿ, ಆ ತೊಡಕು ದಿನಾಲೂ ಪರೀಕ್ಷೆಗೆ ಒಳಗಾಗುತ್ತದೆ.

ಸಿಎಸ್‌ಎಸ್ ಕ್ಲಾಸ್ (ಪುಟದ ಅಂದ ಬದಲಿಸಿದಾಗ ತಾನೂ ಬದಲಾಗಬಹುದಾದ ಗುರುತು) ಹಿಡಿದು ಬಟನ್ ಹುಡುಕುವ ಸಾಲುಗಳನ್ನು ರೋಲ್ (ಅದು ಬಟನ್ನೋ ಲಿಂಕೋ ಎಂಬುದು) ಮತ್ತು ಬಳಕೆದಾರರಿಗೆ ಕಾಣುವ ಹೆಸರಿನಿಂದ ಹುಡುಕುವಂತೆ ಬದಲಿಸಿ.

ಇನ್ನು ಅಳಿಸುವ ಕೆಲಸ. ಇದಕ್ಕೆ ಬಹಳ ಜನ ಹೆದರುತ್ತಾರೆ. ನಾನು ಮಾಡುವುದು ಇಷ್ಟು: ಟೆಸ್ಟ್ ಕಾವಲು ಕಾಯುತ್ತಿದೆ ಎನ್ನಲಾದ ಕೋಡನ್ನು ಬೇಕೆಂದೇ ಮುರಿಯುತ್ತೇನೆ. ರಿಯಾಯಿತಿ ಲೆಕ್ಕದ ಸಾಲಿನಲ್ಲಿ ಕಳೆಯುವ ಚಿಹ್ನೆಯನ್ನು ಕೂಡುವ ಚಿಹ್ನೆ ಮಾಡಿ ಎಲ್ಲವನ್ನೂ ಓಡಿಸುತ್ತೇನೆ. ಬೀಳಬೇಕಾದದ್ದು ಬೀಳದಿದ್ದರೆ ಅದು ಏನನ್ನೂ ಪರೀಕ್ಷಿಸುತ್ತಿಲ್ಲ. ಸರಿಯಾದ ಅಸರ್ಷನ್ (ಫಲಿತಾಂಶ ಹೀಗಿರಬೇಕು ಎಂದು ಪರಿಶೀಲಿಸುವ ಸಾಲು) ಬರೆಯಬೇಕು, ಇಲ್ಲ ತೆಗೆಯಬೇಕು. ಕೋಡಿನ ಒಂದು ಚಿಕ್ಕ ತುಂಡನ್ನಷ್ಟೇ ನೋಡುವ ಒಂದು ಯೂನಿಟ್ ಟೆಸ್ಟ್ ಜೊತೆಗೆ ಬ್ರೌಸರ್ ಟೆಸ್ಟ್‌ಗಳೂ ಸಾಲಾಗಿ ಬಿದ್ದರೆ, ಚೆಕೌಟ್ ದಾರಿಯನ್ನು ಆದಿಯಿಂದ ಅಂತ್ಯದವರೆಗೆ ನಡೆಯುವ ಒಂದನ್ನು ಉಳಿಸಿ, ಅದೇ ಲೆಕ್ಕ ಮತ್ತೆ ನೋಡುವ ಉಳಿದವನ್ನು ಅಳಿಸುತ್ತೇನೆ.

ಈ ಬದಲಾವಣೆಗಳನ್ನು ಬೇರೆಯೇ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆಯನ್ನು ಇತರರು ನೋಡಿ ಒಪ್ಪಲು ಕಳಿಸುವ ಕೋರಿಕೆ) ಕಳಿಸಿ. ಟೆಸ್ಟೂ ಕೋಡೂ ಒಟ್ಟಿಗೆ ಬದಲಾದರೆ, ಟೆಸ್ಟ್ ಸಡಿಲವಾದದ್ದರಿಂದ ಹಸಿರು ಬಂತೋ ಕೋಡ್ ಸರಿಯಿದ್ದುದರಿಂದ ಬಂತೋ ರಿವ್ಯೂ ಮಾಡುವವರಿಗೆ ತಿಳಿಯುವುದಿಲ್ಲ.