ಜಪಾನಿನ ಹಳ್ಳಿ ಸ್ಟೇಷನ್ನಿನಲ್ಲಿ ಹತ್ತುವುದು, ದುಡ್ಡು ಕಟ್ಟುವುದು, ಇಳಿಯುವುದು

ಮೈಸೂರಿನಿಂದ ಚಾಮರಾಜನಗರದ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡಿದವರಿಗೆ ಸಣ್ಣ ಸ್ಟೇಷನ್ ಹೊಸದೇನಲ್ಲ. ಆದರೆ ನಮ್ಮಲ್ಲಿ ಟಿಕೆಟ್ ಇಲ್ಲದೆ ಗಾಡಿ ಹತ್ತಿದರೆ ತಪ್ಪು. ಜಪಾನಿನ ಹಳ್ಳಿಗಾಡಿನ ಎಷ್ಟೋ ಸ್ಟೇಷನ್ನುಗಳಲ್ಲಿ ಟಿಕೆಟ್ ಕೊಡುವವರೇ ಇರುವುದಿಲ್ಲ. ಇಂಥ ಸಿಬ್ಬಂದಿಯಿಲ್ಲದ ಸ್ಟೇಷನ್ನಿಗೆ ಅಲ್ಲಿ ‘ಮುಜಿನ್ ಎಕಿ’ ಎನ್ನುತ್ತಾರೆ. ಹಾಗೆಂದು ಪ್ರಯಾಣ ಪುಕ್ಕಟೆಯಲ್ಲ. ಸ್ಟೇಷನ್ ಮಾಸ್ತರು, ಕಂಡಕ್ಟರು ಮಾಡಬೇಕಾದ್ದನ್ನೆಲ್ಲ ಗಾಡಿಯ ಡ್ರೈವರ್ ಒಬ್ಬರೇ ಮಾಡುತ್ತಾರೆ. ಆ ಪದ್ಧತಿಗೆ ‘ವನ್‌ಮನ್’ ಎಂದು ಹೆಸರು.

ಮೊದಲು ಚಿಲ್ಲರೆ ಹೊಂದಿಸಿಕೊಳ್ಳಿ. 1,000 ಯೆನ್ನಿನ ಐದು ನೋಟು, 100ರ ಹತ್ತು ನಾಣ್ಯ, 10ರ ಹತ್ತು ನಾಣ್ಯ ಇದ್ದರೆ ಒಂದು ದಿನದ ಓಡಾಟಕ್ಕೆ ನಿಶ್ಚಿಂತೆ. 5,000 ಮತ್ತು 10,000ದ ನೋಟುಗಳನ್ನು ಗಾಡಿಯೊಳಗೆ ಮುರಿಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲ, ದೊಡ್ಡ ಊರಿನಲ್ಲೇ ಮುರಿಸಿಕೊಂಡು ಹೊರಡಿ. 2021ರಲ್ಲಿ ಬಂದ ಹೊಸ 500ರ ನಾಣ್ಯವನ್ನೂ 2024ರ ಜುಲೈಯಲ್ಲಿ ಬಂದ ಹೊಸ ನೋಟುಗಳನ್ನೂ ಕೆಲವು ಹಳೆಯ ಯಂತ್ರಗಳು ವಾಪಸ್ ಉಗುಳುತ್ತವೆ. ಯಂತ್ರ ಕೆಟ್ಟಿಲ್ಲ, ಅದಕ್ಕೆ ಹೊಸ ದುಡ್ಡಿನ ಗುರುತಿಲ್ಲ ಅಷ್ಟೆ. ಹಳೆಯ ನೋಟು ಒಂದೆರಡು ಬೇರೆ ತೆಗೆದಿಟ್ಟಿರಿ.

ಪ್ಲಾಟ್‌ಫಾರಂ ಎಷ್ಟೇ ಉದ್ದವಿದ್ದರೂ ಬರುವ ಗಾಡಿ ಒಂದೋ ಎರಡೋ ಬೋಗಿಯದು. ತುದಿಯಲ್ಲಿ ಕಾದು ನಿಂತರೆ ಕೊನೆಗೆ ಓಡಬೇಕಾಗುತ್ತದೆ. ಹತ್ತುವ ಜಾಗದ ಗುರುತು ಇದ್ದರೆ ಅಲ್ಲೇ ನಿಲ್ಲಿ. ಬಾಗಿಲು ತಾನಾಗಿ ತೆರೆಯದಿದ್ದರೆ ಪಕ್ಕದ ಗುಂಡಿ ಒತ್ತಬೇಕು. ಗುಂಡಿಯ ದೀಪ ಹೊತ್ತಿದ ಮೇಲೆ ಒತ್ತಿ, ಅದಕ್ಕೆ ಮುಂಚೆ ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ಎರಡು ಬೋಗಿಯಿದ್ದರೆ ಮುಂದಿನ ಬೋಗಿಯ ಹಿಂಬಾಗಿಲಿನಿಂದ ಹತ್ತುವುದು ವಾಡಿಕೆ. ಸಿಬ್ಬಂದಿಯಿಲ್ಲದ ಕಡೆ ಸಾಮಾನ್ಯವಾಗಿ ಹಿಂದಿನ ಬೋಗಿಯ ಬಾಗಿಲು ತೆರೆಯುವುದೇ ಇಲ್ಲ.

ಹತ್ತಿದ ಕೂಡಲೇ ಬಾಗಿಲ ಬಳಿಯ ಸಣ್ಣ ಪೆಟ್ಟಿಗೆಯಿಂದ ನಂಬರಿನ ಚೀಟಿ ಎಳೆದುಕೊಳ್ಳಿ. ಇದರ ಹೆಸರು ‘ಸೇಯ್‌ರಿಕೆನ್’. ನೀವು ಎಲ್ಲಿ ಹತ್ತಿದಿರಿ ಎನ್ನುವುದಕ್ಕೆ ಇದೊಂದೇ ಸಾಕ್ಷಿ. ಕಳೆದುಕೊಂಡರೆ ಗಾಡಿ ಹೊರಟ ಊರಿನಿಂದಲೇ ದುಡ್ಡು ಕಟ್ಟಬೇಕಾಗಬಹುದು. ಡ್ರೈವರ್ ತಲೆಯ ಮೇಲಿನ ಬೋರ್ಡಿನಲ್ಲಿ ನಂಬರುಗಳೂ ಅವುಗಳ ಕೆಳಗೆ ದರವೂ ಕಾಣುತ್ತವೆ. ನಿಮ್ಮ ಚೀಟಿಯಲ್ಲಿ 3 ಇದ್ದರೆ 3ರ ಕೆಳಗಿನ ಮೊತ್ತ ನಿಮ್ಮದು. ಗಾಡಿ ಮುಂದೆ ಹೋದಂತೆ ಮೊತ್ತ ಏರುತ್ತದೆ, ಆದ್ದರಿಂದ ಇಳಿಯುವ ಸ್ಟೇಷನ್ ಬರುವಾಗ ನೋಡಿದ್ದೇ ಲೆಕ್ಕ.

ಹೆಚ್ಚಿನ ಹೊಸಬರು ಎಡವುವುದು ಮುಂದಿನ ಹಂತದಲ್ಲಿ. ಡ್ರೈವರ್ ಪಕ್ಕದ ದುಡ್ಡಿನ ಪೆಟ್ಟಿಗೆ ಬಹಳ ಕಡೆ ಚಿಲ್ಲರೆ ವಾಪಸ್ ಕೊಡುವುದಿಲ್ಲ. 240 ಯೆನ್ ಆಗಿದ್ದರೆ 240ನ್ನೇ ಹಾಕಬೇಕು. ಅದೇ ಪೆಟ್ಟಿಗೆಗೆ ಅಂಟಿಕೊಂಡಂತೆ ಚಿಲ್ಲರೆ ಮಾಡಿಕೊಡುವ ಇನ್ನೊಂದು ಕಂಡಿ ಇರುತ್ತದೆ. ಅಲ್ಲಿ 1,000ದ ನೋಟು ಹಾಕಿ, ಬಂದ ನಾಣ್ಯಗಳನ್ನು ಪೂರ್ತಿ ತೆಗೆದುಕೊಂಡು, ಅದರಿಂದ ಎಣಿಸಿ ಹಾಕಬೇಕು. ಎರಡು ಕಂಡಿ ಅದಲುಬದಲಾದರೆ ನೋಟು ಹೋದಂತೆಯೇ. ಗೊತ್ತಾಗದಿದ್ದರೆ ನೋಟನ್ನು ಡ್ರೈವರಿಗೆ ತೋರಿಸಿ, ಕೈ ಮಾಡಿ ಹೇಳುತ್ತಾರೆ. ಚಿಲ್ಲರೆ ಮಾಡಿಕೊಳ್ಳುವ ಈ ಕೆಲಸವನ್ನು ಹಿಂದಿನ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗಲೇ ಮುಗಿಸಿಕೊಳ್ಳಿ. ಇಳಿಯುವಾಗ ಚೀಟಿ, ದುಡ್ಡು ಎರಡನ್ನೂ ಒಟ್ಟಿಗೆ ಹಾಕಿ ಮುಂಬಾಗಿಲಿನಿಂದ ಇಳಿಯಬೇಕು. ಸಿಬ್ಬಂದಿಯಿರುವ ದೊಡ್ಡ ಸ್ಟೇಷನ್ನಾದರೆ ಎಲ್ಲ ಬಾಗಿಲೂ ತೆರೆಯುತ್ತವೆ, ದುಡ್ಡು ಗೇಟಿನಲ್ಲಿ.

ಮೊದಲೇ ದುಡ್ಡು ತುಂಬಿಸಿಟ್ಟುಕೊಳ್ಳುವ ಸುಯಿಕಾ, ಇಕೋಕಾದಂಥ ಕಾರ್ಡನ್ನು ಕಣ್ಣು ಮುಚ್ಚಿ ನಂಬಬೇಡಿ. ಪಟ್ಟಣದಲ್ಲಿ ಕಾರ್ಡ್ ತೋರಿಸಿ ಹತ್ತಿ, ಯಂತ್ರವಿಲ್ಲದ ಹಳ್ಳಿಯಲ್ಲಿ ಇಳಿದರೆ ದುಡ್ಡು ನಗದಾಗಿ ಕಟ್ಟಬೇಕು. ಕಾರ್ಡಿನಲ್ಲಿ ಮಾತ್ರ ನೀವು ಇನ್ನೂ ಒಳಗೇ ಇದ್ದೀರಿ ಎಂದು ಉಳಿಯುತ್ತದೆ. ಮುಂದಿನ ಗೇಟು ತೆರೆಯದಿರುವುದು ಇದಕ್ಕೇ. ಸಿಬ್ಬಂದಿಯಿರುವ ಸ್ಟೇಷನ್ನಿನಲ್ಲಿ ಸರಿ ಮಾಡಿಸಿಕೊಳ್ಳುವವರೆಗೆ ಅದು ಹಾಗೇ. ಜಪಾನ್ ರೈಲ್ ಪಾಸ್ ಇದ್ದರೆ ಇಳಿಯುವಾಗ ಡ್ರೈವರಿಗೆ ತೋರಿಸಿದರಾಯಿತು. ಆದರೆ ಅದು ಜೆಆರ್ (ಜಪಾನ್ ರೈಲ್ವೇಸ್) ಕಂಪನಿಗಳ ಗಾಡಿಗಳಿಗೆ, ಬೇರೆ ಕಂಪನಿಗಳ ಹಳ್ಳಿ ಮಾರ್ಗಗಳಲ್ಲಿ ಸಾಮಾನ್ಯವಾಗಿ ನಡೆಯದು.

ಇಳಿದ ಕೂಡಲೇ ವಾಪಸ್ ಗಾಡಿಯ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ. ಎಡಗಡೆ ಗಂಟೆ, ಅದರ ಸಾಲಿನಲ್ಲಿ ನಿಮಿಷ. ಸಾಲು ಖಾಲಿಯಿದ್ದರೆ ಆ ಗಂಟೆಯಲ್ಲಿ ಗಾಡಿಯಿಲ್ಲ. ಶನಿವಾರ, ಭಾನುವಾರ, ರಜಾದಿನಗಳಿಗೆ ಬೇರೆ ಪಟ್ಟಿ ಇರಬಹುದು. ಟೋಕಿಯೊ ದಿಕ್ಕಿನ ಗಾಡಿ ‘ನೊಬೊರಿ’, ಎದುರು ದಿಕ್ಕಿನದು ‘ಕುದಾರಿ’. ಅಕ್ಷರ ಓದಲು ಬಾರದಿದ್ದರೂ ಗುರುತು ಹಿಡಿಯಬಹುದು: ಅಡ್ಡಗೆರೆ ತಳದಲ್ಲಿದ್ದರೆ ನೊಬೊರಿ, ನೆತ್ತಿಯಲ್ಲಿದ್ದರೆ ಕುದಾರಿ.

ಸಮುದ್ರ ನೋಡಲು ಎಲ್ಲರೂ ಹೋಗುವ ಎಹಿಮೆ ಪ್ರಾಂತದ ಶಿಮೊನಾದಾಗೆ ಮತ್ಸುಯಾಮಾದಿಂದ ಗಾಡಿ ಹಿಡಿಯುವಾಗ ಒಂದು ಎಚ್ಚರಿಕೆ. ಅಲ್ಲಿಂದ ದಕ್ಷಿಣಕ್ಕೆ ಎರಡು ದಾರಿ. ಉಚಿಕೊ ಮೇಲೆ ಹೋಗುವ ಗಾಡಿ ಒಳನಾಡಿನಲ್ಲಿ ಸಾಗುತ್ತದೆ, ಶಿಮೊನಾದಾ ಸಿಗುವುದೇ ಇಲ್ಲ. ಇಯೊ-ನಾಗಾಹಾಮಾ ಮೇಲೆ ಹೋಗುವ ಲೋಕಲ್ ಗಾಡಿಯನ್ನೇ ಕೇಳಿ ಹತ್ತಿ. ‘ಉವಾಕಾಯ್’ ಎಕ್ಸ್‌ಪ್ರೆಸ್ ಉಚಿಕೊ ದಾರಿಯದು.

ಗುನ್ಮಾ ಪ್ರಾಂತದ ದೊಯಾಯಿಯ ಕಷ್ಟವೇ ಬೇರೆ. ಅಲ್ಲಿ ಕುದಾರಿ ಪ್ಲಾಟ್‌ಫಾರಂ ಸುರಂಗದೊಳಗಿದೆ, ನೊಬೊರಿಯದು ನೆಲದ ಮೇಲೆ. ಕೆಳಗಿನಿಂದ ಹೊರಗೆ ಬರಲು 486 ಮೆಟ್ಟಿಲು, ಲಿಫ್ಟ್ ಇಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲಿನ ಅರ್ಧದಷ್ಟು ಎಂದುಕೊಳ್ಳಿ. ಕುದಾರಿ ಗಾಡಿ ಹಿಡಿಯಬೇಕಾದರೆ ಕೆಳಗಿಳಿಯಲು ಹತ್ತು ನಿಮಿಷ ಬೇರೆಯೇ ಇಟ್ಟುಕೊಳ್ಳಿ. ಮಂಡಿನೋವಿನವರು, ದೊಡ್ಡ ಸೂಟ್‌ಕೇಸಿನವರು ಇದನ್ನು ಬಿಡುವುದೇ ಒಳ್ಳೆಯದು. ಪೆಟ್ಟಿಗೆಯನ್ನು ‘ತಕ್ಕ್ಯುಬಿನ್’ ಪಾರ್ಸೆಲ್ಲಿನಲ್ಲಿ ಮುಂದಿನ ಹೋಟೆಲಿಗೆ ಕಳಿಸಿ, ಕೈಚೀಲವಷ್ಟೇ ಹಿಡಿದು ಹೋದರೆ ಇಂಥ ಊರುಗಳನ್ನು ನಿಜವಾಗಿ ನೋಡಬಹುದು.

ಊಟದಂಗಡಿಯ ಆಸೆ ಬೇಡ, ಚಪಾತಿ-ಚಟ್ನಿಪುಡಿ ಜೊತೆಗಿರಲಿ. ಕಸದ ಬುಟ್ಟಿ ಬಹಳ ಕಡೆ ಇರುವುದಿಲ್ಲ, ಕಸ ನಿಮ್ಮ ಚೀಲದಲ್ಲೇ ವಾಪಸ್ ಬರಬೇಕು. ಕಾಯುವ ಕೋಣೆಯ ಬಾಗಿಲನ್ನು ಒಳಗೆ ಹೋದ ಮೇಲೂ ಹೊರಗೆ ಬಂದ ಮೇಲೂ ಮುಚ್ಚಿ. ಕೆಲವು ಕಡೆ ಬಂದವರು ಬರೆದಿಡಲು ಒಂದು ನೋಟ್‌ಬುಕ್ ಇರುತ್ತದೆ, ‘ಎಕಿ ನೋಟ್’ ಎನ್ನುತ್ತಾರೆ. ಗಾಡಿಗೆ ಸಮಯವಿದ್ದರೆ ಅದರಲ್ಲಿ ಕನ್ನಡದಲ್ಲೇ ನಿಮ್ಮೂರಿನ ಹೆಸರು ಬರೆದು ತಾರೀಖು ಹಾಕಿ.