ನಿಮ್ಮೂರಿನ ಟಿವಿ ಕೇಂದ್ರದ ಚರಿತ್ರೆ ಬರೆಯುವುದು ಹೇಗೆ: ಮುಂಬಯಿ ದೂರದರ್ಶನವನ್ನು ಎದುರಿಗಿಟ್ಟುಕೊಂಡು

ಮುಂಬಯಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಲೇಖನ ಬರೆಯುವವರು ಸಾಮಾನ್ಯವಾಗಿ ಇದೊಂದು ಸಾಲು ಬರೆದು, ಕೆಳಗೆ ಹಳೆಯ ಧಾರಾವಾಹಿಗಳ ಹೆಸರು ಪೋಣಿಸಿ ಕೈತೊಳೆದುಕೊಳ್ಳುತ್ತಾರೆ. ಆ ಧಾರಾವಾಹಿಗಳಲ್ಲಿ ಹೆಚ್ಚಿನವು ದಿಲ್ಲಿಯಿಂದ ಇಡೀ ದೇಶಕ್ಕೆ ಹೋದವು. ಮುಂಬಯಿಯ ಯಾವುದೋ ಸ್ಟುಡಿಯೊದಲ್ಲಿ ಚಿತ್ರೀಕರಣವಾಗಿದ್ದ ಮಾತ್ರಕ್ಕೆ ಅವು ವರ್ಲಿಯಲ್ಲಿರುವ ಮುಂಬಯಿ ಕೇಂದ್ರದ ಕೆಲಸ ಆಗುವುದಿಲ್ಲ. ದೂರದರ್ಶನ ಒಂದು ಜಾಲ. ಜಾಲಕ್ಕೆ ಸೇರಿದ ಕೇಂದ್ರದ ಕಥೆ ಹೇಳುವವರು ಮೊದಲು ಬಿಡಿಸಬೇಕಾದ ಗಂಟು ಒಂದೇ: ಇದರಲ್ಲಿ ಇಲ್ಲಿಯದೆಷ್ಟು, ದಿಲ್ಲಿಯದೆಷ್ಟು?

ಒಂದು ಕೇಂದ್ರಕ್ಕೆ ಮೂರು ಹುಟ್ಟುಹಬ್ಬ

ಉದ್ದನೆಯ ಹಾಳೆಯಲ್ಲಿ ಮೂರು ಕಾಲಂ ಹಾಕಿ: ಟ್ರಾನ್ಸ್‌ಮಿಟರ್, ಸ್ಟುಡಿಯೊ, ವಾಹಿನಿ. ಮೊದಲನೆಯದರಲ್ಲಿ ಆ ಊರಿಗೆ ಸಿಗ್ನಲ್ ಬಂದ ದಿನ, ಎರಡನೆಯದರಲ್ಲಿ ಅಲ್ಲೇ ಕಾರ್ಯಕ್ರಮ ತಯಾರಾಗಲು ಶುರುವಾದ ದಿನ, ಮೂರನೆಯದರಲ್ಲಿ ಯಾವ ಹೆಸರಿನಲ್ಲಿ ಪ್ರಸಾರವಾಯಿತು ಎಂಬುದು. ಮುಂಬಯಿಗೆ ಮೊದಲೆರಡು ಒಟ್ಟಿಗೇ ಬಂದವು. ಮೂರನೆಯ ಕಾಲಂ ಬೆಳೆಯುತ್ತಾ ಹೋಗುತ್ತದೆ: 1985ರಲ್ಲಿ ಎರಡನೆಯ ವಾಹಿನಿ, 1994ರಲ್ಲಿ ಉಪಗ್ರಹದ ಮೂಲಕ ಮರಾಠಿ ವಾಹಿನಿ, 2000ದಲ್ಲಿ ಅದಕ್ಕೆ ‘ಸಹ್ಯಾದ್ರಿ’ ಎಂಬ ಹೆಸರು.

ಪುಣೆಯ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಟಿವಿಯ ವಿಎಚ್‌ಎಫ್ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ; ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ವರ್ಲಿಯ 300 ಮೀಟರ್ ಎತ್ತರದ ಗೋಪುರಕ್ಕೂ ಪುಣೆಗೂ ನಡುವೆ ಇಡೀ ಸಹ್ಯಾದ್ರಿ ಕೂತಿದೆ. ಹಾಗಾಗಿ 1973ರಲ್ಲಿ, ಸಮುದ್ರ ಮಟ್ಟದಿಂದ 1300 ಮೀಟರಿನಷ್ಟು ಎತ್ತರದ ಸಿಂಹಗಡದ ಮೇಲೆ ಮರುಪ್ರಸಾರದ ಟ್ರಾನ್ಸ್‌ಮಿಟರ್ ಬಂತು. ಪುಣೆಯವರು ನೋಡುತ್ತಿದ್ದದ್ದು ಮುಂಬಯಿಯ ಕಾರ್ಯಕ್ರಮವನ್ನೇ. ‘1973ರಲ್ಲಿ ಪುಣೆ ಟಿವಿ ಕೇಂದ್ರ ಆರಂಭ’ ಎಂದು ಬರೆದರೆ ಅರ್ಧ ತಪ್ಪು: ಆ ದಿನಾಂಕ ಮೊದಲ ಕಾಲಮ್ಮಿನದು, ಎರಡನೆಯದಲ್ಲ. ಗೋವೆಯ ಬಗ್ಗೆ ಬರೆಯುವವರೂ ಇದೇ ಕಾಲಂ ಹಾಕಿಕೊಳ್ಳಲಿ. 1980ರ ದಶಕದಲ್ಲಿ ದೇಶದ ತುಂಬ ಬಂದ 100 ವ್ಯಾಟಿನ ಲೋ ಪವರ್ ಟ್ರಾನ್ಸ್‌ಮಿಟರ್‌ಗಳು ಉಪಗ್ರಹದಿಂದ ಇಳಿದದ್ದನ್ನು ಸುತ್ತಲಿನ ಊರಿಗೆ ಹಂಚುತ್ತಿದ್ದವು, ಅಷ್ಟೇ. ಅಲ್ಲಿ ಕ್ಯಾಮೆರಾನೇ ಇರುತ್ತಿರಲಿಲ್ಲ.

ನಮ್ಮ ಊರಿನ ಕಡೆಗೂ ಇದೇ ಮಾತು. ಕರ್ನಾಟಕಕ್ಕೆ ಟಿವಿ ಬಂದದ್ದು ಯಾವಾಗ? 1975–76ರ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಎನ್ನಬಹುದು, 1977ರ ಗುಲಬರ್ಗಾ ಟ್ರಾನ್ಸ್‌ಮಿಟರ್ ಎನ್ನಬಹುದು, 1981ರ ನವೆಂಬರ್ 1ರ ಬೆಂಗಳೂರು ಕೇಂದ್ರ ಎನ್ನಬಹುದು. ಮುಂಬಯಿಯ ಮಾಟುಂಗದ ಚಾಳಿನಲ್ಲಿದ್ದ ಕನ್ನಡಿಗ, ಬೆಂಗಳೂರಿನ ನೆಂಟರಿಗಿಂತ ಒಂಬತ್ತು ವರ್ಷ ಮೊದಲೇ ಟಿವಿ ನೋಡಿದ್ದ. ಆದರೆ ನೋಡಿದ್ದು ಮರಾಠಿ, ಹಿಂದಿ, ಗುಜರಾತಿಯಲ್ಲಿ.

ಇನ್ನು ದಿಲ್ಲಿಯ ದಿನಾಂಕಗಳು. ಇವನ್ನು ಬೇರೆ ಶಾಯಿಯಲ್ಲಿ ಬರೆದುಕೊಳ್ಳಿ: 1976ರ ಜನವರಿ 1ರಿಂದ ಜಾಹೀರಾತು, ಅದೇ ವರ್ಷ ಏಪ್ರಿಲ್ 1ರಂದು ಆಕಾಶವಾಣಿಯಿಂದ ಬೇರ್ಪಟ್ಟು ದೂರದರ್ಶನ ಪ್ರತ್ಯೇಕ ಇಲಾಖೆ, 1982ರ ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮ ಮತ್ತು ಬಣ್ಣ, 1993ರ ಜನವರಿ 26ರಂದು ನಾಲ್ಕು ಮಹಾನಗರಗಳ ಎರಡನೆಯ ವಾಹಿನಿಗಳು ಸೇರಿ ಮೆಟ್ರೊ ವಾಹಿನಿ, 1997ರಲ್ಲಿ ದೂರದರ್ಶನ, ಆಕಾಶವಾಣಿ ಎರಡನ್ನೂ ನಡೆಸುವ ಪ್ರಸಾರ ಭಾರತಿ, 2003ರ ನವೆಂಬರ್ 3ರಂದು ಮೆಟ್ರೊ ಹೋಗಿ ಡಿಡಿ ನ್ಯೂಸ್. ಪ್ರತಿಯೊಂದರ ಪಕ್ಕದಲ್ಲಿ ‘ಇದರಿಂದ ವರ್ಲಿಯಲ್ಲಿ ಏನು ಬದಲಾಯಿತು?’ ಎಂದು ಕೇಳಿ ಜಾಗ ಖಾಲಿ ಬಿಡಿ. 1982ರ ಸಾಲಿನ ಎದುರು ಬರೆಯುವುದು ಬೇಕಾದಷ್ಟಿದೆ: ಬಣ್ಣದ ಸಂಭ್ರಮವನ್ನು ಎಲ್ಲರೂ ಬರೆಯುತ್ತಾರೆ, ಸಂಜೆಯ ಒಳ್ಳೆಯ ಹೊತ್ತು ದಿಲ್ಲಿಯ ಪಾಲಾದದ್ದನ್ನು ಯಾರೂ ಬರೆಯುವುದಿಲ್ಲ.

ಕಾಗದ

1970ರ ದಶಕದ ಪ್ರಸಾರದಲ್ಲಿ ಬಹಳಷ್ಟು ನೇರ. ಟೇಪಿನಲ್ಲಿ ಹಿಡಿದದ್ದೂ ಉಳಿದಿರುತ್ತದೆಂಬ ಭರವಸೆ ಇಲ್ಲ. ಆಗ ಟೇಪು ದುಬಾರಿ, ಅಳಿಸಿ ಮತ್ತೆ ಬಳಸುವುದು ಲೋಕದ ಹಲವು ಟಿವಿ ಸಂಸ್ಥೆಗಳ ರೂಢಿಯಾಗಿತ್ತು. ಮನೆಗಳಿಗೆ ವಿಸಿಆರ್ ಹೊಕ್ಕಿದ್ದು 1982ರ ಏಷ್ಯಾಡ್ (ದಿಲ್ಲಿಯ ಏಷ್ಯನ್ ಕ್ರೀಡಾಕೂಟ) ಆಚೀಚೆ. ಆದ್ದರಿಂದ ಮೊದಲ ಹತ್ತು ವರ್ಷಕ್ಕೆ ಕಾಗದವೇ ಗತಿ.

ದಿನಪತ್ರಿಕೆಯ ‘ಇಂದಿನ ಟಿವಿ’ ಕಾಲಂ ನಿಮ್ಮ ಬೆನ್ನೆಲುಬು. ಟೌನ್‌ಹಾಲಿನ ಏಷ್ಯಾಟಿಕ್ ಸೊಸೈಟಿ ಗ್ರಂಥಾಲಯದಲ್ಲೋ ದಾದರಿನ ಮುಂಬಯಿ ಮರಾಠಿ ಗ್ರಂಥಸಂಗ್ರಹಾಲಯದಲ್ಲೋ ಹಳೆಯ ಪತ್ರಿಕೆ ಕೇಳಿ. ಎಲ್ಲ ದಿನ ಓದಲು ಹೋಗಬೇಡಿ, ಸೋತುಹೋಗುತ್ತೀರಿ. ವರ್ಷಕ್ಕೆ ಎರಡು ವಾರ ಸಾಕು: ಜನವರಿಯ ಎರಡನೆಯ ವಾರ, ಗಣೇಶೋತ್ಸವದ ವಾರ. ಮೂವತ್ತು ವರ್ಷಕ್ಕೆ 420 ದಿನ; ದಿನಕ್ಕೆ ಹತ್ತು ನಿಮಿಷ ಹಿಡಿದರೆ 70 ಗಂಟೆ, ಎರಡು ತಿಂಗಳ ಶನಿವಾರ, ಭಾನುವಾರಗಳ ಕೆಲಸ. ಹೊತ್ತು, ಕಾರ್ಯಕ್ರಮ, ಭಾಷೆ, ಇಲ್ಲಿಯದೋ ದಿಲ್ಲಿಯಿಂದ ಬಂದ ರಿಲೇಯೋ ಎಂಬ ನಾಲ್ಕನ್ನು ಮಾತ್ರ ಇಳಿಸಿಕೊಳ್ಳಿ. ರೈತರಿಗಾಗಿ ಬರುತ್ತಿದ್ದ ‘ಆಮ್ಚಿ ಮಾತಿ ಆಮ್ಚಿ ಮಾಣಸಂ’ ಯಾವ ಹೊತ್ತಿನಿಂದ ಯಾವ ಹೊತ್ತಿಗೆ ಸರಿಯಿತು ಎಂಬುದೊಂದನ್ನೇ ಬೆನ್ನಟ್ಟಿದರೂ, ಸ್ಥಳೀಯ ಕಾರ್ಯಕ್ರಮಕ್ಕೆ ಎಷ್ಟು ಬೆಲೆ ಉಳಿದಿತ್ತು ಎಂದು ತಿಳಿಯುತ್ತದೆ.

ಒಂದು ಎಚ್ಚರ. ಅಚ್ಚಾದ ಪಟ್ಟಿ ಅಂದುಕೊಂಡದ್ದನ್ನು ಹೇಳುತ್ತದೆ, ಆದದ್ದನ್ನಲ್ಲ. 1984ರ ಅಕ್ಟೋಬರ್ 31ರ ಬೆಳಗಿನ ಪತ್ರಿಕೆಯಲ್ಲಿ ಎಂದಿನ ಕಾರ್ಯಕ್ರಮಗಳೇ ಇರುತ್ತವೆ. ಇಂದಿರಾ ಗಾಂಧಿಯವರ ಹತ್ಯೆಯಾದದ್ದು ಆ ಪತ್ರಿಕೆ ಮನೆ ಸೇರಿದ ಮೇಲೆ. ದೊಡ್ಡ ಘಟನೆಯ ದಿನ ಮರುದಿನದ ಪತ್ರಿಕೆ ನೋಡದೆ ಏನನ್ನೂ ಬರೆಯಬೇಡಿ.

ಕನ್ನಡಿಗರ ಪಾಲು ಹುಡುಕಲು ಸಂಘಗಳ ಮಾಸಿಕಗಳಿವೆ. ಮೈಸೂರು ಅಸೋಸಿಯೇಷನ್ನಿನ ‘ನೇಸರು’, ‘ಮೊಗವೀರ’, ಬಿಲ್ಲವರ ‘ಅಕ್ಷಯ’, ಇಂಥವುಗಳ ಹಳೆಯ ಸಂಪುಟ ತೆಗೆಸಿ, ಕೊನೆಯ ಪುಟಗಳಿಂದ ಹಿಂದಕ್ಕೆ ಬನ್ನಿ. ಸಂಪಾದಕೀಯಕ್ಕಿಂತ ಅಭಿನಂದನೆಯ ಚುಟುಕು ಸುದ್ದಿ, ಟಿವಿ ಅಂಗಡಿಯ ಜಾಹೀರಾತು ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತವೆ. ಮನೆಗಳಲ್ಲಿ ಟಿವಿ ಲೈಸೆನ್ಸ್ ಪುಸ್ತಕ ಕೇಳಿ. 1980ರ ದಶಕದಲ್ಲಿ ಶುಲ್ಕ ರದ್ದಾಗುವವರೆಗೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಮೊಹರು ಹಾಕಿಸಿಕೊಳ್ಳಬೇಕಿತ್ತು. ‘ನಮ್ಮನೇಲಿ ಎಪ್ಪತ್ತಮೂರರಲ್ಲೇ ಟಿವಿ ಇತ್ತು’ ಎನ್ನುವ ಮಾತಿಗೆ ಆ ಮೊಹರಿಗಿಂತ ಗಟ್ಟಿ ಸಾಕ್ಷಿ ಇಲ್ಲ.

ಕೇಂದ್ರದ ಕಡತ ಬೇಕೆಂದರೆ ಮಾಹಿತಿ ಹಕ್ಕು ಅರ್ಜಿ. ಪ್ರಸಾರ ಭಾರತಿ ಕೇಂದ್ರ ಸರ್ಕಾರದ ಸಂಸ್ಥೆಯಾದ್ದರಿಂದ ಕೇಂದ್ರ ಸರ್ಕಾರದ ನಿಯಮ: ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಅಥವಾ ಆನ್‌ಲೈನ್. ಮುಂಬಯಿ, ಪುಣೆಯವರು ಮಹಾರಾಷ್ಟ್ರದ ಕಚೇರಿಗಳ ಅಭ್ಯಾಸದಲ್ಲಿ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ ಕಳಿಸುತ್ತಾರೆ; ಅದು ಇಲ್ಲಿ ನಡೆಯುವುದಿಲ್ಲ. ಕನ್ನಡದಲ್ಲಿ ಬರೆದರೂ ನಡೆಯುವುದಿಲ್ಲ. ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಹಾಕುವ ಜಾಗದ ಆಡಳಿತ ಭಾಷೆ ಬೇಕು, ಅಂದರೆ ಮುಂಬಯಿಯಲ್ಲಿ ಮರಾಠಿ. 500 ಪದ ಮೀರದಿರಲಿ. ‘ಕೇಂದ್ರದ ಇತಿಹಾಸ ಕೊಡಿ’ ಎಂದು ಕೇಳಿದರೆ ಒಂದು ಪುಟದ ಪರಿಚಯ ಪತ್ರ ಬರುತ್ತದೆ. ಬೇಕಾದದ್ದು ದಾಖಲೆ, ಆದ್ದರಿಂದ ವರ್ಷ ಹೆಸರಿಸಿ ಕೇಳಿ: ಆ ವರ್ಷದ ಟ್ರಾನ್ಸ್‌ಮಿಟರ್ ಲಾಗ್‌ಬುಕ್ ಇದೆಯೇ, ನಾಶವಾಗಿದ್ದರೆ ನಾಶಪಡಿಸಿದ ಆದೇಶದ ಪ್ರತಿ. ಪ್ರತಿಗೆ ಪುಟಕ್ಕೆ 2 ರೂಪಾಯಿ. ಅಲ್ಲೇ ಕೂತು ನೋಡುವುದಾದರೆ ಮೊದಲ ಗಂಟೆ ಉಚಿತ, ಆಮೇಲೆ ಗಂಟೆಗೆ 5 ರೂಪಾಯಿ. ಉತ್ತರಕ್ಕೆ 30 ದಿನ, ಬಾರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನ. 1976ಕ್ಕಿಂತ ಹಿಂದಿನದನ್ನು ಕೇಳುವಾಗ ‘ಆಗಿನ ಆಕಾಶವಾಣಿಯ ಟೆಲಿವಿಷನ್ ವಿಭಾಗ’ ಎಂದು ನಮೂದಿಸಿ. ದೂರದರ್ಶನ ಎಂದಷ್ಟೇ ಬರೆದರೆ, ನಮ್ಮಲ್ಲಿಲ್ಲ ಎಂಬ ಉತ್ತರಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ಅಟ್ಟದ ಮೇಲಿನ ಕ್ಯಾಸೆಟ್

1982ರಿಂದೀಚೆಗಿನ ನಿಧಿ ಇರುವುದು ಮನೆಗಳ ಅಟ್ಟದಲ್ಲಿ, ಮದುವೆ ಕ್ಯಾಸೆಟ್ಟುಗಳ ನಡುವೆ. ಸಿಕ್ಕ ತಕ್ಷಣ ವಿಸಿಆರ್‌ಗೆ ತುರುಕಬೇಡಿ. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಕಿಟಕಿಯೊಳಗೆ ಸುರುಳಿಯ ಅಂಚು ನೋಡಿ. ಕಪ್ಪಗೆ ಕನ್ನಡಿಯಂತಿದ್ದರೆ ಸರಿ. ರಂಗೋಲಿ ಪುಡಿ ಉದುರಿದಂತೆ ಬಿಳಿ ಚುಕ್ಕೆ, ಉಂಗುರ ಕಂಡರೆ ಅದು ಬೂಷ್ಟು, ಮುಂಬಯಿಯ ಮಳೆಗಾಲದ ಕೊಡುಗೆ. ಅಂಥದನ್ನು ಓಡಿಸಿದರೆ ಆ ಪುಡಿ ವಿಸಿಆರ್‌ನ ಹೆಡ್ಡಿಗೆ (ಟೇಪನ್ನು ಓದುವ ಭಾಗ) ಹತ್ತಿ, ಮುಂದಿನ ಹತ್ತು ಕ್ಯಾಸೆಟ್ಟಿಗೂ ಹರಡುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ವಾರ ಒಣಗಲು ಬಿಡಿ. ಆಮೇಲೆ, ಕೆಟ್ಟರೂ ಪರವಾಗಿಲ್ಲ ಎನ್ನುವ ಇನ್ನೊಂದು ಯಂತ್ರದಲ್ಲಿ, ನೂಲು ಬಿಡದ ಬಟ್ಟೆಯಿಂದ ಒರೆಸುತ್ತಾ ಒಮ್ಮೆ ಆ ತುದಿಯಿಂದ ಈ ತುದಿಗೆ ಸುತ್ತಬೇಕು. ಮೂಗಿಗೆ ಮಾಸ್ಕ್ ಇರಲಿ.

ಚೊಕ್ಕವಾಗಿರುವ ಕ್ಯಾಸೆಟ್ಟಿಗೂ ಎರಡು ಕೆಲಸ ಉಂಟು. ಲೇಬಲ್ ಹಚ್ಚುವ ಬೆನ್ನಿನ ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಚಿಪ್ಪು ಇನ್ನೂ ಇದ್ದರೆ ಮುರಿದುಹಾಕಿ. ಅದಿರುವವರೆಗೆ ತಪ್ಪಿ ರೆಕಾರ್ಡ್ ಒತ್ತಿದರೆ ಇದ್ದದ್ದೂ ಹೋಯಿತು. ಬಳಿಕ ಕೊನೆವರೆಗೆ ಓಡಿಸಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಕೂತು ಒಂದಕ್ಕೊಂದು ಅಂಟಿದ ಸುತ್ತುಗಳು ಬಿಡುತ್ತವೆ. ಕೀರಲು ಸದ್ದು ಬಂದರೆ ನಿಲ್ಲಿಸಿ.

ವಿಸಿಆರ್ ಚೋರ್ ಬಜಾರಿನಲ್ಲಿ ಸಿಗುತ್ತದೆ, ಕೇಬಲ್ಲು, ಟೇಪಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಕಾರ್ಡು ಲ್ಯಾಮಿಂಗ್ಟನ್ ರೋಡಿನಲ್ಲಿ. ಕೊಳ್ಳುವಾಗ ಬೇಡದ ಕ್ಯಾಸೆಟ್ಟೊಂದನ್ನು ಒಯ್ದು ಓಡಿಸಿ ನೋಡಿ. ರಬ್ಬರ್ ರೋಲರ್ ಗಟ್ಟಿಯಾಗಿದ್ದರೆ ಟೇಪು ಜಗಿಯುತ್ತದೆ. ಹೆಡ್ಡನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಶಾಮಿ ಚರ್ಮದಿಂದ, ಹೆಡ್ಡು ಕೂತಿರುವ ಡ್ರಮ್ಮನ್ನು ಅಡ್ಡಕ್ಕೆ ತಿರುಗಿಸುತ್ತಾ ಒರೆಸಿ. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ, ಮೇಲೆ ಕೆಳಗೆ ಉಜ್ಜುವುದಂತೂ ಬೇಡವೇ ಬೇಡ: ಹೆಡ್ಡಿನ ತುದಿ ಮುರಿದರೆ ಯಂತ್ರ ಗುಜರಿಗೆ.

ಕ್ಯಾಪ್ಚರ್ ಭಾರತದ ಟಿವಿಯ ಪಾಲ್ (PAL) ಪದ್ಧತಿಯಲ್ಲಿ, 720×576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ (ಒಂದು ಬಿಟ್ಟು ಒಂದು ಗೆರೆ ಮೂಡಿಸುವ ಕ್ರಮ) ಹಾಗೇ ಇರಲಿ. ಧ್ವನಿ 48 ಕಿಲೊಹರ್ಟ್ಸ್. ಚಿತ್ರದ ಗುಣ ಕಳೆಯದೆ ಕುಗ್ಗಿಸುವ ಎಫ್‌ಎಫ್‌ವಿ1 ರೂಪದಲ್ಲಿ ಇಟ್ಟರೆ ಗಂಟೆಗೆ ಸುಮಾರು 30 ಜಿಬಿ, ಅಷ್ಟು ಜಾಗವಿಲ್ಲದಿದ್ದರೆ ಇನ್ನೂ ಕುಗ್ಗಿಸುವ ಡಿವಿ ರೂಪ, ಗಂಟೆಗೆ 13 ಜಿಬಿ. ನೋಡಲು ಬೇರೆ ಸಣ್ಣ ಪ್ರತಿ ಮಾಡಿಕೊಳ್ಳಿ. ಅಗ್ಗದ ಯುಎಸ್‌ಬಿ ಡಾಂಗಲ್‌ನಲ್ಲಿ ಗಂಟೆಯ ಕೊನೆಗೆ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಹಳೆಯ ಟೇಪಿನ ಸಿಂಕ್ (ಚಿತ್ರದ ಕಾಲಗತಿಯ ಗುರುತು) ಅಲುಗಾಡಿದಾಗೆಲ್ಲ ಅದು ಫ್ರೇಮು ಬಿಟ್ಟುಬಿಡುವುದೇ ಕಾರಣ. ನಡುವೆ ಆ ಅಲುಗಾಟ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಇಡಬೇಕು. ಅದು ದುಬಾರಿ ಎನಿಸಿದರೆ ಕೆಲವು ಹಳೆಯ ಡಿವಿಡಿ ರೆಕಾರ್ಡರುಗಳ ಮೂಲಕ ಸಿಗ್ನಲ್ ಹಾಯಿಸಿದರೂ ಬಹುಪಾಲು ಸರಿಹೋಗುತ್ತದೆ. ಚಿತ್ರದ ತಳದಲ್ಲಿ ಕಾಣುವ ಹರಿದ ಪಟ್ಟಿ ರೋಗವಲ್ಲ, ವಿಎಚ್‌ಎಸ್‌ನ ಹುಟ್ಟುಗುಣ, ಕತ್ತರಿಸಬೇಡಿ.

ಜಾಹೀರಾತು ಬಂದಾಗ ನಿಲ್ಲಿಸಲೂ ಬೇಡಿ. ಕೇಂದ್ರದ ಗುರುತು ಇರುವುದೇ ಎರಡು ಕಾರ್ಯಕ್ರಮಗಳ ನಡುವೆ: ನಿರೂಪಕಿಯ ಮುಖ, ಗಡಿಯಾರ, ತಡೆಯ ಫಲಕ. ‘ರುಕಾವಟ್ ಕೇ ಲಿಯೇ ಖೇದ್ ಹೈ’ ಬಂದರೆ ದಿಲ್ಲಿಯ ಹೊತ್ತು, ಮರಾಠಿಯಲ್ಲಿ ‘ವ್ಯತ್ಯಯ’ ಎಂದು ಬಂದರೆ ಇಲ್ಲಿಯದು ಎಂದು ಮೊದಲ ಊಹೆ ಮಾಡಬಹುದು. ಮೂಲೆಯಲ್ಲಿ ಸಹ್ಯಾದ್ರಿಯ ಹೆಸರಿದ್ದರೆ 2000ಕ್ಕೆ ಮೊದಲಿನದಲ್ಲ, ಮೆಟ್ರೊ ಎಂದಿದ್ದರೆ 1993 ಮತ್ತು 2003ರ ನಡುವಿನದು. ಕ್ಯಾಸೆಟ್ಟಿನ ಮೇಲೆ ಬರೆದ ತಾರೀಕು ಮಾತ್ರ ನಂಬಬೇಡಿ. ಒಂದೇ ಕ್ಯಾಸೆಟ್ಟಿನ ಮೇಲೆ ಮೂರು ಸಲ ರೆಕಾರ್ಡ್ ಮಾಡುತ್ತಿದ್ದ ಕಾಲ ಅದು. ಒಂದು ಕಾರ್ಯಕ್ರಮ ಮುಗಿದ ಮೇಲೂ ಓಡಲು ಬಿಡಿ, ಬಾಲದಲ್ಲಿ ಹಳೆಯದು ಉಳಿದಿರುತ್ತದೆ.

ನೆನಪು

ನಿವೃತ್ತರನ್ನು ಮಾತಾಡಿಸುವಾಗ ತೆರೆಯ ಮೇಲೆ ಬಂದವರಿಗಿಂತ ಮೊದಲು ತೆರೆಯ ಹಿಂದಿದ್ದವರನ್ನು ಹಿಡಿಯಿರಿ: ಎಂಜಿನಿಯರ್, ಮೇಕಪ್‌ನವರು, ಸೆಟ್ ಕಟ್ಟುತ್ತಿದ್ದ ಬಡಗಿ. ಸ್ಮಿತಾ ಪಾಟೀಲ್ ಇಲ್ಲಿ ಮರಾಠಿ ವಾರ್ತೆ ಓದುತ್ತಿದ್ದರು, ಜೀನ್ಸ್ ಮೇಲೆಯೇ ಸೀರೆ ಉಡುತ್ತಿದ್ದರು ಎಂದು ಪ್ರತಿಯೊಬ್ಬರೂ ಹೇಳುತ್ತಾರೆ. ಅದನ್ನು ಹತ್ತನೆಯ ಸಲ ಬರೆದುಕೊಳ್ಳುವ ಬದಲು, ವಾರ್ತೆಯ ಹಾಳೆ ಸ್ಟುಡಿಯೊಗೆ ಹೇಗೆ ಬರುತ್ತಿತ್ತು, ಫಿಲ್ಮ್ ಎಲ್ಲಿ ತೊಳೆಯುತ್ತಿದ್ದರು, ಕರೆಂಟು ಹೋದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿ. ಇಸವಿ ಕೇಳಬೇಡಿ, ತಪ್ಪು ಬರುತ್ತದೆ. ‘ತುರ್ತುಪರಿಸ್ಥಿತಿಗೆ ಮೊದಲೋ ಆಮೇಲೋ? ಏಷ್ಯಾಡ್‌ಗೆ ಮೊದಲೋ?’ ಎಂದರೆ ಸರಿಯಾದ ಉತ್ತರ ಬರುತ್ತದೆ. ಫ್ಯಾನ್ ಆರಿಸಿ, ರೆಕಾರ್ಡರನ್ನು ಅವರಿಂದ ಎರಡು ಗೇಣು ದೂರದಲ್ಲಿಡಿ, ಬಳಸಲು ಒಪ್ಪಿಗೆಯನ್ನು ಅದೇ ರೆಕಾರ್ಡಿಂಗಿನಲ್ಲಿ ಅವರ ಬಾಯಿಂದಲೇ ಹೇಳಿಸಿ.

ಕಡತಗಳಿಗೆ ಹೆಸರಿಡುವಾಗ ವರ್ಷ, ತಿಂಗಳು, ದಿನ ಮೊದಲು ಬರಲಿ. ಖಚಿತವಿಲ್ಲದ ದಿನಕ್ಕೆ ಸೊನ್ನೆ ಹಾಕಿ, ಊಹಿಸಿದ ಅಂಕಿ ಹಾಕಬೇಡಿ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಯುಟ್ಯೂಬಿಗೆ ಹಾಕುವ ಆಸೆ ತಡೆದುಕೊಳ್ಳಿ: ಪ್ರಸಾರದ ಹಕ್ಕು 25 ವರ್ಷಕ್ಕೆ ಮುಗಿದರೂ ಅದರೊಳಗಿನ ನಾಟಕ, ಹಾಡು, ಸಿನಿಮಾ ತುಣುಕಿನ ಹಕ್ಕು ಬೇರೆಯೇ ಉಳಿದಿರುತ್ತದೆ. ಪ್ರಸಾರ ಭಾರತಿ ತನ್ನ ಹಳೆಯ ದಾಖಲೆಗಳನ್ನು ತಾನೇ ಆನ್‌ಲೈನಿನಲ್ಲಿ ಬಿಡುತ್ತಿದೆ. ನಿಮ್ಮ ಕೈಯಲ್ಲಿರುವುದು ಅಲ್ಲಿ ಇದೆಯೇ ನೋಡಿ. ಇದ್ದರೆ ಅಲ್ಲಿನ ಪ್ರತಿಯೇ ಚೆನ್ನಾಗಿರುತ್ತದೆ, ನೀವು ನಡುವಿನ ಜಾಹೀರಾತು, ಫಲಕಗಳನ್ನಷ್ಟೇ ಎತ್ತಿಟ್ಟುಕೊಳ್ಳಿ. ಇಲ್ಲದಿದ್ದರೆ ಆ ಕ್ಯಾಸೆಟ್ಟನ್ನು ಕ್ಯಾಪ್ಚರ್ ಆದ ಮೇಲೂ ಬಿಸಾಡಬೇಡಿ. ಗೋದ್ರೆಜ್ ಕಪಾಟಿನಲ್ಲಿ, ಮಲಗಿಸದೆ, ಪುಸ್ತಕದಂತೆ ನಿಲ್ಲಿಸಿ ಇಡಿ.