ಎಸಿಯಿಂದ ನೀರು ತೊಟ್ಟಿಕ್ಕುತ್ತಿದೆಯೇ? ಮೊದಲು ಪೈಪಿನ ಇಳಿಜಾರು ನೋಡಿ

ಮೊನ್ನೆ ಡೊಂಬಿವಲಿಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಮಂಚವನ್ನು ಪಕ್ಕಕ್ಕೆ ಸರಿಸಿ, ಎಸಿ ಕೆಳಗೆ ಬಾಲ್ದಿ ಇಟ್ಟಿದ್ದರು. ‘ಈಗಷ್ಟೇ ಗ್ಯಾಸ್ ತುಂಬಿಸಿದೆವು ಕಣೋ, ಆದ್ರೂ ಸೋರ್ತಾ ಇದೆ’ ಎಂದರು. ಕಿಟಕಿಯ ಗ್ರಿಲ್ ಆಚೆ ಇಣುಕಿದರೆ ಡ್ರೇನ್ ಪೈಪು ಜೋಕಾಲಿಯಂತೆ ಜೋತುಬಿದ್ದಿತ್ತು. ತೊಂದರೆ ಇದ್ದದ್ದು ಅಲ್ಲಿ. ಮುಂಬೈಯ ಸೆಕೆಯಲ್ಲಿ ಒಂದೂವರೆ ಟನ್ ಎಸಿ ಗಂಟೆಗೆ ಒಂದೆರಡು ಲೀಟರ್ ನೀರು ಬಿಡುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಗೋಡೆಗೇ ಇಳಿಯುತ್ತದೆ.

ಮೊದಲು ಎಸಿಗೆ ಕರೆಂಟು ಕಡಿಯುವ ಎಂಸಿಬಿ ಸ್ವಿಚ್ ಆಫ್ ಮಾಡಿ, ರಿಮೋಟ್ ಒತ್ತಿದರೆ ಸಾಲದು. ಫಿಲ್ಟರ್ ತೆಗೆದು ತೊಳೆದು ಒಣಗಲು ಬಿಡಿ.

ಆಮೇಲೆ ಕಟ್ಟಿಕೊಂಡ ಪೈಪು ಬಿಡಿಸುವ ಕೆಲಸ. ನೀರು ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದೇ ಒಳ್ಳೆಯದು. ಬರೀ ಧೂಳು ಎಳೆಯುವುದನ್ನು ಬಳಸಬೇಡಿ, ಮೋಟರ್ ಸುಡುತ್ತದೆ. ಪೈಪಿನ ಹೊರತುದಿಗೆ ಅದನ್ನು ಹಿಡಿದು, ಸಂದಿಗೆ ಒದ್ದೆ ಬಟ್ಟೆ ಸುತ್ತಿ ಒಂದೆರಡು ನಿಮಿಷ ಎಳೆಯಿರಿ. ಬೆಂಡೆಕಾಯಿ ಲೋಳೆಯಂಥ ಕಂದು ಗಂಟುಗಳು ಬರುತ್ತವೆ. ಹೊರಗಿನಿಂದ ಬಾಯಲ್ಲೋ ಪಂಪಿನಲ್ಲೋ ಊದಬೇಡಿ, ಕೊಳೆಯೆಲ್ಲ ಮರಳಿ ಎಸಿಯೊಳಗೆ ನೀರು ಬೀಳುವ ಟ್ರೇಗೆ ಹೋಗುತ್ತದೆ. ತಂತಿ ತೂರಿಸುವವರನ್ನೂ ನೋಡಿದ್ದೇನೆ. ಸುರುಳಿ ಪೈಪಿನ ಗೋಡೆ ತೀರಾ ತೆಳು. ಗೋಡೆಯೊಳಗೆ ತೂತಾದರೆ ಗೊತ್ತಾಗುವುದು ಬಣ್ಣ ಉಬ್ಬಿದ ಮೇಲೆಯೇ. ಬಾತ್‌ರೂಮ್ ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ, ಎಸಿಯೊಳಗೆ ಗಾಳಿ ತಣಿಸುವ ಕೊಳವೆಗಳ ಸುರುಳಿ, ಅಂದರೆ ಕಾಯಿಲ್ ಮೇಲಿನ ಅಲ್ಯೂಮಿನಿಯಂ ತಗಡನ್ನು ತಿಂದುಹಾಕುತ್ತದೆ. ಕುದಿಯುವ ನೀರಿಗೆ ಪೈಪು ಮೆತ್ತಗಾಗುತ್ತದೆ. ಉಗುರುಬೆಚ್ಚಗಿನ ನೀರು ಸಾಕು.

ಇನ್ನು ಇಳಿಜಾರು. ಎಲ್ಲರೂ ಎಡವುವುದು ಇಲ್ಲೇ. ಈ ನೀರನ್ನು ಯಾವ ಪಂಪೂ ತಳ್ಳುವುದಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಹಾಗಾಗಿ ಟ್ರೇಯಿಂದ ಕೊನೆಯ ತುದಿವರೆಗೆ ಪೈಪು ಇಳಿಯುತ್ತಲೇ ಇರಬೇಕು, ಎಲ್ಲೂ ಮೇಲೇಳಬಾರದು. ಮೀಟರಿಗೆ 1 ಸೆಂಟಿಮೀಟರ್ ಕಡಿಮೆಯೆಂದರೂ ಬೇಕು. ನಾನು 2 ಇಡುತ್ತೇನೆ, ನೀವೂ ಅಷ್ಟೇ ಇಡಿ. ಗೋಡೆಯ ತೂತನ್ನು ನೋಡಿ: ಹೊರಬಾಯಿ ಒಳಬಾಯಿಗಿಂತ ತುಸು ಕೆಳಗಿರಬೇಕು. ತಾಮ್ರದ ಕೊಳವೆ, ವಯರು, ಡ್ರೇನ್ ಪೈಪು ಮೂರನ್ನೂ ಸೇರಿಸಿ ಟೇಪ್ ಸುತ್ತಿರುತ್ತಾರೆ, ಅದರಲ್ಲಿ ಡ್ರೇನ್ ಪೈಪು ಎಲ್ಲಕ್ಕಿಂತ ಅಡಿಯಲ್ಲಿರಬೇಕು. ಮೇಲೆ ಕೂತಿದ್ದರೆ ಟೇಪ್ ಬಿಚ್ಚಿ ಸರಿಪಡಿಸಿ, ಸೋಮಾರಿತನ ಬೇಡ. ಹೊರಗೆ ಒಂದೂವರೆ ಅಡಿಗೊಂದು ಕ್ಲಿಪ್ ಹಾಕಿ. ಇಲ್ಲದಿದ್ದರೆ ಬಿಸಿಲಿಗೆ ಪೈಪು ಮತ್ತೆ ಜೋಲುತ್ತದೆ, ಜೋತಲ್ಲಿ ನೀರು ನಿಲ್ಲುತ್ತದೆ, ನಿಂತ ನೀರಲ್ಲಿ ಲೋಳೆ ಬೆಳೆಯುತ್ತದೆ. ಒಳಗಿನ ಯೂನಿಟ್ ಮೇಲೆ ರಸಮಟ್ಟ ಇಟ್ಟು ನೋಡುವುದನ್ನೂ ಮರೆಯಬೇಡಿ. ಡ್ರೇನ್ ಇರುವ ಕಡೆಗಿಂತ ಇನ್ನೊಂದು ಬದಿ ತಗ್ಗಿದ್ದರೆ ಎಷ್ಟು ತೊಳೆದರೂ ಸೋರುತ್ತದೆ.

ತುದಿಯನ್ನು ಬಾಲ್ದಿಯ ನೀರಲ್ಲಿ ಮುಳುಗಿಸಬೇಡಿ. ಗಿಡಕ್ಕೆ ನೀರು ಹಿಡಿಯುವುದು ಒಳ್ಳೆಯದೇ, ಆದರೆ ತುದಿ ಮುಳುಗಿದರೆ ಪೈಪಿನೊಳಗಿನ ಗಾಳಿ ಹೊರಬರಲಾಗದೆ ನೀರನ್ನೇ ತಡೆಯುತ್ತದೆ. ಎರಡು ಇಂಚು ಮೇಲಿರಲಿ. ಕೆಳಗಿನವರ ಛಜ್ಜಾ ಮೇಲೂ ಬಿಡಬೇಡಿ, ಹಗಲೂ ರಾತ್ರಿ ತಟತಟ ಸದ್ದು ಯಾರಿಗೆ ಬೇಕು?

ಜೋಡಣೆ ಇದ್ದರೆ ಮೇಲಿನ ಪೈಪು ಕೆಳಗಿನದರ ಒಳಗೆ ಹೋಗಬೇಕು. ಅಂಟಿಲ್ಲದ ಬಿಳಿ ಟೇಪ್ ಬರೀ ಹೊದಿಕೆ, ಅದು ನೀರು ತಡೆಯುವುದಿಲ್ಲ. ಕ್ಲಾಂಪ್ ಹಾಕಿ. ಮನೆಯೊಳಗೆ ಓಡುವ ಪೈಪಿಗೆ ಫೋಮ್ ಸುತ್ತಿ, ತಣ್ಣನೆಯ ಪೈಪು ಬೆವರುತ್ತದೆ.

ಟೇಪ್ ಮರಳಿ ಸುತ್ತುವ ಮೊದಲೇ ಪರೀಕ್ಷೆ ಆಗಬೇಕು. ಮುಂದಿನ ಮುಚ್ಚಳ ಎತ್ತಿ, ಕಾಯಿಲ್ ಮೇಲೆ ಲೋಟದಿಂದ ಒಂದು ಲೀಟರ್ ನೀರನ್ನು ನಿಧಾನಕ್ಕೆ ಬಿಡಿ. ವಿದ್ಯುತ್ ಪೆಟ್ಟಿಗೆ ಸಾಮಾನ್ಯವಾಗಿ ಬಲಗಡೆ ಇರುತ್ತದೆ, ಆ ಕಡೆ ಒಂದು ಹನಿಯೂ ಬೇಡ. ಹೊರಗೆ ಒಬ್ಬರನ್ನು ನಿಲ್ಲಿಸಿ. ಸುರಿದಷ್ಟೂ ನೀರು ತಡವಿಲ್ಲದೆ ಬರಬೇಕು. ತಡೆದು ತಡೆದು ಗುಳುಗುಳು ಎಂದು ಬಂದರೆ ಎಲ್ಲೋ ಜೋತಿದೆ ಎಂದೇ ಅರ್ಥ, ಮತ್ತೆ ಹುಡುಕಿ.

ನೀರು ಸರಾಗ ಹರಿದು, ಫಿಲ್ಟರೂ ಶುಚಿಯಿದ್ದು, ಆದರೂ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದ್ದರೆ ಆಗ ಮೆಕ್ಯಾನಿಕ್‌ನನ್ನು ಕರೆಸಿ, ಗ್ಯಾಸ್ ಪರೀಕ್ಷೆ ಮಾಡಿಸಿ.